ಕಾಫಿ ಕಣದಲ್ಲಿ ಮಾಡಿದ ಫೈನಲ್ ಇಯರ್ ಪ್ರಾಜೆಕ್ಟ್: ನನ್ನ ಅನುಭವ

ಇಂಜಿನಿಯರಿಂಗ್ ಫೈನಲ್ ಇಯರ್ ಬಂತು ಅಂದರೆ ನಮ್ಮ ಕಡೆ ಸುಮಾರು ಜನ ಬೆಂಗಳೂರು ಬಸ್ಸು ಹತ್ತುತ್ತಾರೆ. ಪ್ರಾಜೆಕ್ಟ್ ಸೆಂಟರಿಗೆ 15–20 ಸಾವಿರ ಕೊಟ್ಟರೆ ಬೋರ್ಡು, ಕೋಡು, ರಿಪೋರ್ಟು ಎಲ್ಲ ರೆಡಿ. ನಾವು ನಾಲ್ವರು ಆ ದಾರಿ ಹಿಡಿಯಲಿಲ್ಲ. ಚಿಕ್ಕಮಗಳೂರು ಕಡೆಯ ಆಲ್ದೂರಿನ ಹತ್ತಿರ, ಗೆಳೆಯನ ಮಾವನ ತೋಟದಲ್ಲಿ ಕಾಫಿ ಒಣಗಿಸುವ ಕಣಕ್ಕೆ ಮಳೆ ಸೈರನ್ ಮಾಡಿದೆವು, ಹನಿ ಬಿದ್ದ ಕೂಡಲೇ ಕೂಗುವಂಥದ್ದು. ತಲೆಗೆ ಸಾವಿರದ ಮುನ್ನೂರೋ ನಾನೂರೋ ಬಿತ್ತು, ಅಷ್ಟೆ.

ಪ್ರಾಜೆಕ್ಟ್ ನೋಡಿಕೊಳ್ಳುವ ಲೆಕ್ಚರರ್, ಅಂದರೆ ಗೈಡ್, ಮೊದಲ ದಿನವೇ ನಕ್ಕರು. "ಮಳೆ ಬಂದ್ರೆ ಕಣ್ಣಿಗೆ ಕಾಣಲ್ವೇನ್ರೋ? ಅದಕ್ಕೂ ಸೆನ್ಸರ್ ಬೇಕಾ?" ಕಾಣುತ್ತದೆ ಸಾರ್, ಆದರೆ ನೋಡುವವರು ಯಾರು? ಅರೇಬಿಕಾ ಕೊಯ್ಲು ನಡೆಯುವುದು ನವೆಂಬರಿನಿಂದ ಜನವರಿ ತನಕ. ಆಗ ಆಳುಗಳೆಲ್ಲ ಗುಡ್ಡದ ಆ ಬದಿಯಲ್ಲಿ ಹಣ್ಣು ಕೊಯ್ಯುತ್ತಿರುತ್ತಾರೆ. ಕಣದ ಮೇಲೆ ಮೋಡ ಬಂದರೂ ಅಲ್ಲಿಗೆ ಗೊತ್ತಾಗುವುದಿಲ್ಲ. ಓಡಿ ಬಂದು ಟಾರ್ಪಲ್ ಎಳೆಯುವಷ್ಟರಲ್ಲಿ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಲು ಹರಡಿದ ಕಾಫಿ ಬೀಜ) ನೆಂದಿರುತ್ತದೆ. ಒಣಗಿದ್ದು ಮತ್ತೆ ನೆಂದರೆ ಬಣ್ಣ ಹೋಗುತ್ತದೆ, ಬೂಸ್ಟು ಹಿಡಿಯುತ್ತದೆ, ರೇಟು ಬೀಳುತ್ತದೆ. ಇದನ್ನು ತೋಟದವರಿಗೆ ಹೇಳಬೇಕಾಗಿಲ್ಲ, ಕಾಲೇಜಿನವರಿಗೆ ಹೇಳಬೇಕಾಯಿತು.

ಮೊದಲು ಎಸ್‌ಎಂಎಸ್ ಕಳಿಸೋಣ ಅಂತ ಸಿಮ್ 800ಎಲ್ ಅನ್ನೋ, ಸಿಮ್ ಹಾಕುವ ಪುಟ್ಟ ಮಾಡ್ಯೂಲ್ ತಂದೆವು. ಟೀಮಿನಲ್ಲಿ ಎಲ್ಲರ ಹತ್ತಿರ ಇದ್ದದ್ದು ಜಿಯೋ ಸಿಮ್. ಆ ಮಾಡ್ಯೂಲ್ ಬರೀ 2ಜಿ, ಜಿಯೋದಲ್ಲಿ 2ಜಿಯೇ ಇಲ್ಲ. ಬೇರೆ ಸಿಮ್ ಹಾಕಿದರೆ ನೆಟ್‌ವರ್ಕ್ ಹುಡುಕುವಾಗ ಬೋರ್ಡೇ ರೀಸೆಟ್. ಅದು ಒಂದು ಕ್ಷಣಕ್ಕೆ 2 ಆಂಪಿಯರ್ ತನಕ ಎಳೆಯುತ್ತದೆ, ಯುಎಸ್‌ಬಿ ಕರೆಂಟಿಗೆ ತಡೆಯುವುದಿಲ್ಲ. ದೊಡ್ಡ ಕೆಪಾಸಿಟರ್ ಹಾಕಿ ಅದನ್ನೂ ಸರಿ ಮಾಡಿದೆವು. ಆಮೇಲೆ ನೋಡಿದರೆ ಕೊಯ್ಲು ನಡೆಯುವ ಜಾಗದಲ್ಲಿ ಯಾರ ಫೋನಿಗೂ ಸಿಗ್ನಲ್ ಇಲ್ಲ! ಮುನ್ನೂರು ಚಿಲ್ಲರೆ ದುಡ್ಡು, ಎರಡು ವಾರ, ಎರಡೂ ಹೋಯಿತು.

ಹಾಗಾಗಿ ಲೋರಾ, ಅಂದರೆ ಫೋನ್ ನೆಟ್‌ವರ್ಕ್ ಇಲ್ಲದೆಯೇ ದೂರಕ್ಕೆ ಚಿಕ್ಕ ಸಂದೇಶ ಕಳಿಸುವ ರೇಡಿಯೋ. ನಮ್ಮಲ್ಲಿ 865ರಿಂದ 868 ಮೆಗಾಹರ್ಟ್ಸ್‌ಗೆ ಲೈಸೆನ್ಸ್ ಬೇಡ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಎರಡು ಲೋರಾ ಮಾಡ್ಯೂಲ್, ಕೋಡ್ ಓಡಿಸಲು ಎರಡು ಇಎಸ್‌ಪಿ 32 ಬೋರ್ಡು ತಂದೆವು. ಹೆಚ್ಚು ದುಡ್ಡು ಹೋಗಿದ್ದು ಇಲ್ಲೇ, ಎರಡು ಸಾವಿರದ ಮೇಲೆ. ಡೇಟಾಶೀಟಿನಲ್ಲಿ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ ಅಂತ ಇತ್ತು. ಕಾಫಿ ಗಿಡ, ಸಿಲ್ವರ್ ಮರದ ಮಧ್ಯೆ ಮುನ್ನೂರು ಮೀಟರಿಗೇ ಸುಸ್ತು. ಆಂಟೆನಾಗೆ ಎಂಟೂವರೆ ಸೆಂಟಿಮೀಟರಿಗಿಂತ ಚೂರು ಉದ್ದದ ತಂತಿ ಸಾಕು, ಆದರೆ ಅದು ಎತ್ತರದಲ್ಲಿ ಇರಬೇಕು. ಮೆಣಸು ಕೊಯ್ಯುವ ಏಣಿ ಇಟ್ಟು ಸಿಲ್ವರ್ ಮರದ ಮೇಲೆ ಕಟ್ಟಿದ ಮೇಲೆ ಗುಡ್ಡದ ಆಚೆಗೂ ಮುಟ್ಟಿತು. ಸೈರನ್ನು ಕಳ್ಳರ ಅಲಾರಂಗೆ ಹಾಕುವ 12 ವೋಲ್ಟಿನದು. ಬ್ಯಾಟರಿ ಹಳೇ ಬೈಕಿನದು, ಪುಕ್ಕಟೆ.

ನಿಜವಾದ ತಲೆನೋವು ಇಬ್ಬನಿ. ಅಂಗಡಿಯಲ್ಲಿ ಸಿಗುವ ಮಳೆ ಸೆನ್ಸರ್ ಪ್ಲೇಟು ಇದೆಯಲ್ಲ, ಅದಕ್ಕೆ ಒದ್ದೆ ಅಂದರೆ ಒದ್ದೆ, ಅಷ್ಟೇ ಗೊತ್ತು. ಡಿಸೆಂಬರ್ ಬೆಳಗಿನ ಜಾವ ಸೈರನ್ ಕೂಗಿ ಲೈನ್ ಮನೆಯ (ತೋಟದ ಆಳುಗಳ ಸಾಲುಮನೆ) ಜನರೆಲ್ಲ ಎದ್ದರು. ಮಾರನೇ ದಿನವೂ ಹಾಗೇ. ತೋಟದ ಲೆಕ್ಕ ನೋಡುವ ರೈಟರ್ ಬಂದು "ಅದನ್ನ ಬಿಚ್ಕೊಂಡು ಹೋಗ್ರಪ್ಪ" ಅಂದರು. ಸದಾ ಕರೆಂಟ್ ಹರಿಯುತ್ತಿದ್ದದ್ದಕ್ಕೆ ಪ್ಲೇಟಿನ ಗೆರೆಗಳೂ ತಿಂದುಹೋಗಿದ್ದವು. ಅದಕ್ಕೆ ಮದ್ದು ಸುಲಭ: ಓದುವ ಕ್ಷಣಕ್ಕೆ ಮಾತ್ರ ಕರೆಂಟ್ ಕೊಡಿ.

ಇಬ್ಬನಿಗೆ ಮದ್ದು ಸಿಕ್ಕಿದ್ದು ತಗಡಿನ ಸೂರಿನ ಸದ್ದಿನಿಂದ. ಮಳೆ ಹೊಡೆಯುತ್ತದೆ, ಇಬ್ಬನಿ ಹೊಡೆಯುವುದಿಲ್ಲ. ಹೊಡೆತ ಬಿದ್ದರೆ ಚೂರು ಕರೆಂಟ್ ಕೊಡುವ, ಹತ್ತು ರೂಪಾಯಿಯ ಪೀಜೋ ಬಿಲ್ಲೆಯನ್ನು ಸ್ಟೀಲ್ ತಟ್ಟೆಯ ತಳಕ್ಕೆ ಅಂಟಿಸಿದೆವು. ಹನಿಯ ಹೊಡೆತವೂ ಇರಬೇಕು, ಪ್ಲೇಟೂ ಒದ್ದೆಯಾಗಿರಬೇಕು, ಎರಡೂ ಸೇರಿದರೆ ಮಾತ್ರ ಸೈರನ್. ಎಲೆ ಬಿದ್ದರೆ, ಕಾಗೆ ಕೂತರೆ ಸುಮ್ಮನಿರುತ್ತದೆ. ಎಷ್ಟು ಸೆಕೆಂಡಿನಲ್ಲಿ ಎಷ್ಟು ಹೊಡೆತ ಬೇಕು, ಯಾವ ಅಂಟು ಹಾಕಿದೆವು, ಅದು ಮಾತ್ರ ಹೇಳಲ್ಲ. ಜೂನಿಯರ್ಸ್ ಕಣದಲ್ಲಿ ನಿಂತು ಕಂಡುಕೊಳ್ಳಲಿ.

ಮಧ್ಯೆ ಇನ್ನೊಂದು ಹುಚ್ಚು ಹತ್ತಿತ್ತು. ಪಾರ್ಚ್‌ಮೆಂಟ್ ಎಷ್ಟು ಒಣಗಿದೆ ಅಂತ ಕೆಪಾಸಿಟನ್ಸ್‌ನಿಂದ (ವಿದ್ಯುತ್ ಹಿಡಿದಿಡುವ ಗುಣ, ತೇವಕ್ಕೆ ತಕ್ಕಂತೆ ಬದಲಾಗುತ್ತದೆ) ಅಳೆಯೋಣ ಅಂತ ಸ್ಟೀಲ್ ಡಬ್ಬಿಯಲ್ಲಿ ಕಾಫಿ ತುಂಬಿ ನೋಡಿದೆವು. ಡಬ್ಬಿ ಸ್ವಲ್ಪ ಕುಲುಕಿದರೂ ರೀಡಿಂಗ್ ಬೇರೆ. ಕೈಬಿಟ್ಟೆವು. ಈಗಲೂ ಆಸೆ ಇದೆ.

ನಮಗೆ ಪ್ರಾಜೆಕ್ಟಿನ ಮುಖ್ಯ ಕೆಲಸ ಇದ್ದದ್ದು ಎಂಟನೇ ಸೆಮ್‌ನಲ್ಲಿ. ಅಷ್ಟೊತ್ತಿಗೆ ಅರೇಬಿಕಾ ಕೊಯ್ಲು ಮುಗಿದಿರುತ್ತದೆ. ನಾವು ಏಳನೇ ಸೆಮ್‌ನಲ್ಲೇ ಶುರು ಮಾಡಿದ್ದರಿಂದ ಬಚಾವ್. ವೈವಾದಲ್ಲಿ ಹೊರಗಿನ ಕಾಲೇಜಿನಿಂದ ಬಂದ ಎಕ್ಸ್‌ಟರ್ನಲ್ ಎಕ್ಸಾಮಿನರ್ ಮಗ್ಗಿನಲ್ಲಿ ನೀರು ಸುರಿದರು, ಕೂಗಿತು. ಒದ್ದೆ ಬಟ್ಟೆ ಒತ್ತಿದರು, ಕೂಗಲಿಲ್ಲ. "ಕೋಡ್ ಯಾರದು?" ಅಂತ ಕೇಳಿದಾಗ ನಾಲ್ವರೂ ಒಂದೊಂದು ಭಾಗ ವಿವರಿಸಿದೆವು. ದುಡ್ಡು ಕೊಟ್ಟು ಪ್ರಾಜೆಕ್ಟ್ ತಂದವರು ಆ ಪ್ರಶ್ನೆಗೇ ಬೆವರುತ್ತಿದ್ದರು. ನಮ್ಮ ಗೈಡ್ ಆಮೇಲೆ ಎಲ್ಲರಿಗೂ "ನಮ್ಮ ಹುಡುಗರದ್ದು" ಅಂತ ತೋರಿಸಿದರು, ಅದು ಬೇರೆ ವಿಷಯ.

ಮಾವ ರೋಬಸ್ಟಾ ಕಣಕ್ಕೂ ಒಂದು ಬೇಕು ಅಂದರು. ಆರು ಸಾವಿರ ಕೇಳಿದೆವು, ಚೌಕಾಸಿ ಮಾಡಿ ಐದಕ್ಕೆ ಇಳಿಸಿದರು. ದುಡ್ಡು ಕೈಗೆ ಬಂದಿದ್ದು ಮಾತ್ರ ಕಾಫಿ ಮಾರಿದ ಮೇಲೆ.