ಟೀಚರಾಗಿದ್ದ ಅಮ್ಮನ ಬದುಕನ್ನು ಬರೆದಿಡುವುದು ಹೇಗೆ?

ನಮ್ಮ ಕಾಸರಗೋಡಿನ ಕನ್ನಡ ಎಲ್‌ಪಿ (ಲೋವರ್ ಪ್ರೈಮರಿ) ಶಾಲೆಗಳಲ್ಲಿ ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ ಕಲಿಸುತ್ತಾ ಮನೆಯನ್ನೂ ನಡೆಸಿದ ಅಮ್ಮಂದಿರ ಬಗ್ಗೆ ಬರೆದಿಟ್ಟದ್ದು ತುಂಬ ಕಡಿಮೆ. ನಿವೃತ್ತಿ ದಿನ ಒಂದು ಸನ್ಮಾನ ಪತ್ರ, ತೀರಿಹೋದಾಗ ಪತ್ರಿಕೆಯಲ್ಲಿ ನಾಲ್ಕು ಸಾಲು, ಅಷ್ಟೇ. ಅದರಲ್ಲಿ 'ತ್ಯಾಗಮಯಿ', 'ಆದರ್ಶ ಶಿಕ್ಷಕಿ' ಅಂತ ಇರುತ್ತದೆ. ಆ ಮಾತು ಯಾರಿಗೂ ಹೊಂದುತ್ತದೆ ಅಲ್ವಾ? ನಿಮ್ಮ ಅಮ್ಮ ಏನು ಮಾಡಿದರು ಅಂತ ಬರೆಯಿರಿ.

ಮೊದಲು ಕಪಾಟು ತೆಗೆಯಿರಿ. ಎಸ್‌ಎಸ್‌ಎಲ್‌ಸಿ ಪುಸ್ತಕ, ಟಿಟಿಸಿ (ಟೀಚರ ತರಬೇತಿ) ಸರ್ಟಿಫಿಕೇಟ್, ನೇಮಕದ ಆದೇಶ, ವಾರ್ಷಿಕೋತ್ಸವದ ಗ್ರೂಪ್ ಫೋಟೋ, ಎಲ್ಲ ಒಂದು ಕಡೆ ಇಡಿ. ಸರ್ವಿಸ್ ಬುಕ್ಕಿನ ಪ್ರತಿ ಸಿಕ್ಕಿದರೆ ಅರ್ಧ ಕೆಲಸ ಆದಂತೆ. ಹೆರಿಗೆ ರಜೆ ಮುಗಿದ ತಾರೀಖು ಅದರಲ್ಲಿರುತ್ತದೆ. ನೀವು ಎಷ್ಟು ತಿಂಗಳ ಕೂಸಾಗಿದ್ದಾಗ ಅವರು ಪುನಃ ಕ್ಲಾಸಿಗೆ ಹೋದರು ಅಂತ ಲೆಕ್ಕ ಹಾಕಿ. ಆಗ ನಿಮ್ಮನ್ನು ನೋಡಿಕೊಂಡದ್ದು ಅಜ್ಜಿಯೋ, ಪಕ್ಕದ ಮನೆಯ ಅಕ್ಕನೋ, ಅವರ ಹೆಸರೂ ಬರಹದಲ್ಲಿ ಬರಲೇಬೇಕು.

ಊರಿನ ವಿಳಾಸ ಬರೆಯುವಾಗ ಜಾಗ್ರತೆ. 1956ರ ನವೆಂಬರ್ 1ಕ್ಕಿಂತ ಮೊದಲು ಹುಟ್ಟಿದವರಾದರೆ ಅದು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ. 1957ರಿಂದ ಕೇರಳದ ಕಣ್ಣೂರು ಜಿಲ್ಲೆ. ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ಕ್ಕೆ. ಮನೆ ಅದೇ, ಅಂಗಳ ಅದೇ, ಕಾಗದದಲ್ಲಿ ಮಾತ್ರ ಊರು ಬದಲಾಗುತ್ತಾ ಹೋಗಿದೆ.

ಅನುದಾನಿತ ಶಾಲೆಯಾದರೆ 'ಡಿವಿಜನ್ ಫಾಲ್' ವಿಷಯ ಖಂಡಿತ ಕೇಳಿ. ಮಕ್ಕಳು ಕಡಿಮೆಯಾದರೆ ಡಿವಿಜನ್, ಅಂದರೆ ಕ್ಲಾಸಿನ ಒಂದು ವಿಭಾಗ, ಹೋಗುತ್ತದೆ, ಅದರ ಹಿಂದೆ ಟೀಚರ ಹುದ್ದೆಗೂ ಕುತ್ತು. ಹಾಗಾಗಿ ಎಪ್ರಿಲ್, ಮೇ ರಜೆಯಲ್ಲೂ ಗುಡ್ಡೆ ಹತ್ತಿ ಇಳಿದು ಮನೆಮನೆಗೆ ಹೋಗಿ, ಜೂನಿಗೆ ಮಗುವನ್ನು ನಮ್ಮ ಶಾಲೆಗೇ ಕಳಿಸಿ ಅಂತ ಕೇಳಿಕೊಂಡು ಬಂದ ಟೀಚರುಗಳು ಎಷ್ಟೋ ಜನ. ಅವರ ಸ್ವಂತ ಮಕ್ಕಳಿಗೂ ಅದೇ ರಜೆ ಅಲ್ವಾ, ಆಗ ಮನೆಯಲ್ಲಿ ಹೇಗೆ ನಡೆಯಿತು ಅಂತಲೂ ಕೇಳಿ.

ನನ್ನ ಪ್ರಕಾರ ಜಾಸ್ತಿ ಜಾಗ ಕೊಡಬೇಕಾದದ್ದು ಕಲಿಸಿದ ರೀತಿಗೆ. ಇಲ್ಲಿ ಒಂದನೇ ಕ್ಲಾಸಿಗೆ ಬರುವ ಮಗು ಮನೆಯಲ್ಲಿ ತುಳುವೋ, ಮಲಯಾಳವೋ, ಕೊಂಕಣಿಯೋ, ಮರಾಠಿಯೋ, ಬ್ಯಾರಿಯೋ ಮಾತಾಡುತ್ತದೆ. ಆ ಮಗುವಿನ ಬಾಯಲ್ಲಿ ಕನ್ನಡ ಬರಿಸಿದ್ದು ಹೇಗೆ? ಅಳುವ ಮಗುವಿಗೆ ಯಾವ ಭಾಷೆಯಲ್ಲಿ ಸಮಾಧಾನ ಹೇಳಿದರು? ಅಮ್ಮ ಇದ್ದರೆ ಇವತ್ತೇ ಕೇಳಿ. ಸುಮ್ನೆ ಎದುರು ಕೂರಿಸಿ ಪ್ರಶ್ನೆ ಹಾಕಿದರೆ "ಎಂತ ಉಂಟು ಹೇಳಲಿಕ್ಕೆ" ಅಂತಾರೆ. ಹಳೆ ಫೋಟೋ ಕೈಗೆ ಕೊಟ್ಟು ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿಡಿ, ಅವರಿಗೆ ತಿಳಿಸಿಯೇ.

ಅಮ್ಮ ಇಲ್ಲದಿದ್ದರೆ ಹಳೆ ವಿದ್ಯಾರ್ಥಿಗಳು, ಜೊತೆಗಿದ್ದ ಟೀಚರುಗಳು, ಮಧ್ಯಾಹ್ನದ ಗಂಜಿ ಬೇಯಿಸುತ್ತಿದ್ದವರು ಇದ್ದಾರೆ. "ಟೀಚರು ಹೇಗಿದ್ದರು" ಅಂದರೆ "ಒಳ್ಳೆಯವರು" ಅಂತಷ್ಟೇ ಸಿಗುತ್ತದೆ. "ಟೀಚರು ನಿಮಗೆ ಬೈದದ್ದು ಯಾವಾಗ?" ಅಂತ ಕೇಳಿ ನೋಡಿ, ಕತೆ ತಾನಾಗಿ ಬರುತ್ತದೆ. ನೀವೇ ಅವರ ಕ್ಲಾಸಿನಲ್ಲಿ ಕೂತಿದ್ದರೆ ಅದನ್ನೂ ಬಿಡಬೇಡಿ: ಶಾಲೆಯಲ್ಲಿ ಅಮ್ಮ ಅಂತ ಕರೆದಿರೋ, ಟೀಚರ್ ಅಂತಲೋ? ಅವರ ಸಿಟ್ಟು, ಸುಸ್ತು, ಸಾಲದ ಚಿಂತೆ ಬರೆದರೆ ಗೌರವ ಕಮ್ಮಿಯಾಗುವುದಿಲ್ಲ.

ಅಚ್ಚು ಹಾಕಿಸಿದರೆ ಅವರು ಕಲಿಸಿದ ಶಾಲೆಯ ಲೈಬ್ರರಿಗೆ ಒಂದು ಪ್ರತಿ ಕೊಡಿ. ಮನೆಯ ಮಕ್ಕಳು ಮಲಯಾಳ ಮಾಧ್ಯಮದಲ್ಲಿ ಓದುತ್ತಿದ್ದರೆ ಮಲಯಾಳದಲ್ಲೂ ಎರಡು ಪುಟ ಸೇರಿಸಿ, ಅವರಿಗೂ ಅಜ್ಜಿ ಯಾರೆಂದು ಓದಲಿಕ್ಕೆ ಸಿಗಲಿ.