ನಲವತ್ತು ಕಾಮೆಂಟ್ ಬಿಟ್ಟು ಮೂರಕ್ಕೆ ಇಳಿದೆ

ಹೊಸಬರ ಡಾಕ್ಯುಮೆಂಟೇಶನ್ ಪುಲ್ ರಿಕ್ವೆಸ್ಟ್ (ಪುಟ ತಿದ್ದಿ, ಇದನ್ನು ಸೇರಿಸಿಕೊಳ್ಳಿ ಅಂತ ಕಳಿಸೋದು) ನೋಡೋಕೆ ನಾನು ಹಿಡಿದ ದಾರಿ ನಡೆಯಲ್ಲ ಅಂತ ನಮ್ಮ ಸಾಫ್ಟ್‌ವೇರ್ ಪ್ರಾಜೆಕ್ಟನ್ನು ನೋಡಿಕೊಳ್ಳೋ ಉಳಿದಿಬ್ಬರು ಮೇಂಟೇನರ್‌ಗಳು ಹೇಳಿದ್ದರು. ನಡೆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೆಟ್ಟದ್ದು. ಮೂರು ವರ್ಷದ ಹಿಂದೆ ಒಬ್ಬ ಹುಡುಗ ಇನ್‌ಸ್ಟಾಲೇಶನ್ ಪುಟ ತಿದ್ದಿ ಕಳಿಸಿದ್ದ. ಡಿಫ್‌ನಲ್ಲಿ, ಅಂದರೆ ಬದಲಾವಣೆಗಳ ಪಟ್ಟಿಯಲ್ಲಿ, 400 ಚಿಲ್ಲರೆ ಸಾಲು ಬದಲಾಗಿತ್ತು. ಸಿಟ್ಟಿಗೆ 40 ಕಾಮೆಂಟ್ ಹಾಕಿದೆ, ಒಂದು ಅಲ್ಪವಿರಾಮವನ್ನೂ ಬಿಡಲಿಲ್ಲ. ಅವನು ಮತ್ತೆ ಬರಲೇ ಇಲ್ಲ. ಆಮೇಲೆ ನೋಡಿದರೆ ಅವನು ಬದಲಿಸಿದ್ದು ಆರೇ ಸಾಲು, ಉಳಿದದ್ದೆಲ್ಲ ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಹಾಕೋ, ಕಣ್ಣಿಗೆ ಕಾಣದ ಸಿಆರ್‌ಎಲ್‌ಎಫ್ ಗುರುತು. ಗಿಟ್‌ಆಟ್ರಿಬ್ಯೂಟ್ಸ್ ಅನ್ನೋ ಸೆಟ್ಟಿಂಗ್ ಫೈಲಿನಲ್ಲಿ ನಾವು ಒಂದು ಸಾಲು ಹಾಕಿಟ್ಟಿದ್ದರೆ ಆ ಗುರುತು ತಾನಾಗೇ ಸರಿಹೋಗಿ ಮುಗಿಯುತ್ತಿತ್ತು. ಅದು ಇನ್ನೂ ಮನಸ್ಸಿಗೆ ಚುಚ್ಚುತ್ತದೆ.

ಈಗ ತಪ್ಪು ಹುಡುಕೋ ಮೊದಲು ಪುಟದಲ್ಲಿ ಹೇಳಿದ್ದನ್ನು ನಾನೇ ಮಾಡಿ ನೋಡುತ್ತೇನೆ. ಅದಕ್ಕೆ ಅಂತಲೇ ಬೆಳಗಾವಿಯಲ್ಲೇ ಸುಮಾರು 7,500 ರೂಪಾಯಿಗೆ ಒಂದು ಹಳೇ ಲ್ಯಾಪ್‌ಟಾಪ್ ತಗೊಂಡೆ, 4 ಜಿಬಿ ರ‍್ಯಾಮ್, ಹಳೇ ಹಾರ್ಡ್‌ಡಿಸ್ಕ್. ಇರೋದು ಸಾಲದಾ ಅಂತ ಮನೆಯಲ್ಲಿ ಕೇಳಿದರು. ಸಾಲದು. ನನ್ನ ಮಷಿನ್ನಿನೊಳಗೇ ಬೇರೆ ಖಾಲಿ ಕಂಪ್ಯೂಟರಿನ ಹಾಗೆ ನಡೆಯೋ ಡಾಕರ್ ಕಂಟೇನರ್‌ನಲ್ಲೂ ಮಾಡಿ ನೋಡಿದ್ದೆ, ಎಲ್ಲ ಸರಸರ ಮುಗಿದುಹೋಗಿ ಹೊಸಬರು ಎಲ್ಲಿ ಎಡವುತ್ತಾರೆ ಅನ್ನೋದೇ ಕಾಣಲ್ಲ.

ಹೋದ ಮಳೆಗಾಲ ಜಮಖಂಡಿಯ ಡಿಪ್ಲೊಮಾ ಹುಡುಗಿಯೊಬ್ಬಳು ಬರೆದಿದ್ದಳು: 'ಈ ಕಮಾಂಡ್ ಕೊಟ್ಟ ಮೇಲೆ ನಾಲ್ಕು ನಿಮಿಷ ಏನೂ ಕಾಣುವುದಿಲ್ಲ. ಕೆಟ್ಟಿದೆ ಅಂತ ಮುಚ್ಚಬೇಡಿ.' ನನ್ನ ಮಷಿನ್‌ನಲ್ಲಿ ಅದು ಹತ್ತು ಸೆಕೆಂಡಿನ ಕೆಲಸ, ಹಾಗಾಗಿ ಆ ಸಾಲು ತೆಗೆಸೋದರಲ್ಲಿದ್ದೆ. ಹಳೇ ಲ್ಯಾಪ್‌ಟಾಪ್‌ನಲ್ಲಿ ಹಾಕಿ ಕೂತೆ. ಕರ್ಸರ್ ಸುಮ್ನೆ ಮಿಣುಕುತ್ತಿತ್ತು. ಮೂರನೇ ನಿಮಿಷಕ್ಕೆ ಕೆಲಸ ನಿಲ್ಲಿಸೋ ಕಂಟ್ರೋಲ್-ಸಿ ಒತ್ತೋಕೆ ನನ್ನ ಕೈಯೇ ಹೋಯಿತು! ಐದಾಗುವಷ್ಟರಲ್ಲಿ ಮುಗಿಯಿತು. ಆ ಸಾಲನ್ನು ದಪ್ಪಕ್ಷರ ಮಾಡಿ ಮರ್ಜ್ ಮಾಡಿದೆ, ಅಂದರೆ ಪ್ರಾಜೆಕ್ಟಿಗೆ ಸೇರಿಸಿದೆ. 'ಅದನ್ನ ತಗದ ಬಿಡ್ತೀರಿ ಅನ್ಕೊಂಡಿದ್ನಿರಿ ಸರ್' ಅಂದಳು. 'ಇನ್‌ಸ್ಟಾಲ್ ಹ್ಯಾಂಗ್ ಆಗಿದೆ' ಅಂತ ವಾರಕ್ಕೆ ಎರಡು ಮೂರು ಬರುತ್ತಿದ್ದ ದೂರು ಆಮೇಲೆ ಹೆಚ್ಚುಕಡಿಮೆ ನಿಂತೇಹೋಯಿತು.

ಕಾಮೆಂಟ್ ಮೂರೇ, ಓದುವವರು ಎಡವೋ ಕಡೆ ಮಾತ್ರ. ಕಾಗುಣಿತ, ಖಾಲಿ ಜಾಗ ಇವನ್ನೆಲ್ಲ ನಾನೇ ತಿದ್ದಿ ಅವರ ಬ್ರಾಂಚಿಗೇ, ಅಂದರೆ ಅವರು ತಿದ್ದುತ್ತಿರೋ ಪ್ರತಿಗೇ, ಸೇರಿಸುತ್ತೇನೆ. ಮೊದಲ ಉತ್ತರ ಒಂದು ದಿನದೊಳಗೆ ಹೋಗಲೇಬೇಕು.

ನಡುವೆ ಕನ್ನಡ ಪುಟಗಳಿಗೂ ಕೈ ಹಾಕಿದ್ದೆ. ಲಿಂಕು ಸರಿಯಾಗೇ ಕಾಣುತ್ತದೆ, ತೆರೆಯಲ್ಲ. ಎರಡು ರಾತ್ರಿ ಹೋಯಿತು. ಫೈಲಿನ ಹೆಸರಿನ ಕೊನೆಗೆ ಕಣ್ಣಿಗೆ ಕಾಣದ ಝೀರೋ ವಿಡ್ತ್ ನಾನ್ ಜಾಯ್ನರ್ (ಒತ್ತಕ್ಷರ ಆಗದಂತೆ ತಡೆಯೋ ಗುರುತು) ಕೂತಿತ್ತು, ಲಿಂಕಿನಲ್ಲಿ ಇರಲಿಲ್ಲ. ಈಗ 20 ಸಾಲಿನ ಪೈಥಾನ್ ಸ್ಕ್ರಿಪ್ಟ್ ಅದನ್ನು ಹಿಡಿಯುತ್ತದೆ.

ಮೊದಲು ಹದಿನೈದು ಹೊಸಬರಲ್ಲಿ ಒಬ್ಬಿಬ್ಬರು ಎರಡನೇ ಸಲ ಬರುತ್ತಿದ್ದರು. ಹೋದ ವರ್ಷ ಹನ್ನೆರಡರಲ್ಲಿ ಏಳು ಮಂದಿ ಬಂದರು. ಗುಣಮಟ್ಟ ಕೆಡುತ್ತೆ ಅಂತ ಜಾಸ್ತಿ ವಾದ ಮಾಡಿದ್ದ ವಿಜಯಪುರದ ಮೇಂಟೇನರ್ ಮೊನ್ನೆ ಫೋನ್ ಮಾಡಿ, ಆ ಲ್ಯಾಪ್‌ಟಾಪ್ ಒಂದು ವಾರ ಬಸ್ಸಿಗೆ ಹಾಕಿ ಕಳಸ್ರಿ ಅಂದರು. ಕೊಡಲ್ಲ, ನೀವೂ ಒಂದು ತಗೊಳ್ರಿ ಅಂದೆ. ಬ್ಯಾಟರಿ ಹೋಗಿದ್ದರೂ ಪರವಾಗಿಲ್ಲ, ಎಸ್‌ಎಸ್‌ಡಿ (ವೇಗದ ಡಿಸ್ಕ್) ಇರೋದು ಮಾತ್ರ ಬೇಡ.