ಮಕ್ಕಳ ಹತ್ರ ಕ್ಯಾನ್ಸರ್ ಅನ್ನೋ ಪದಾನೇ ಹೇಳಿದೆ

ಕುತ್ತಿಗೆ ಎಡಗಡೆ ಒಂದು ಗಂಟು ಇತ್ತು, ನೋವಿರ್ಲಿಲ್ಲ, ನೋವಿಲ್ಲ ಅಂತಾನೇ ಎರಡು ತಿಂಗಳು ತಲೆ ಕೆಡಿಸ್ಕೊಳ್ಳಲಿಲ್ಲ. ಬಯಾಪ್ಸಿ ರಿಪೋರ್ಟ್ ಬಂದಾಗ ಲಿಂಫೋಮಾ, ಅಂದ್ರೆ ದುಗ್ಧರಸ ಗ್ರಂಥಿಗೆ ಬರೋ ಕ್ಯಾನ್ಸರ್, ಅದ್ರಲ್ಲೂ ಬೇಗ ಬೆಳೆಯೋ ಜಾತಿದು. 21 ದಿನಕ್ಕೊಂದರಂತೆ 6 ಸೈಕಲ್ ಕೀಮೋ ಕೊಡ್ತೀವಿ ಅಂದ್ರು ಡಾಕ್ಟ್ರು. ಮನೆಗೆ ಬರೋವಾಗ ನಾನೂ ನನ್ನ ಹೆಂಡತೀನೂ ಸೇರಿ ಒಂದು ತೀರ್ಮಾನ ಮಾಡಿದ್ವಿ, ಮಕ್ಕಳಿಗೆ ಇದು ಗೊತ್ತಾಗ್ಬಾರ್ದು. ಮಗಳಿಗೆ 11, ಮಗನಿಗೆ 5. ಕುತ್ತಿಗೇಲಿ ಇನ್‌ಫೆಕ್ಷನ್ ಆಗಿದೆ, ಔಷಧಿ ತಗೊಂಡ್ರೆ ಹೋಗುತ್ತೆ ಅಂತ ಹೇಳಿಬಿಟ್ವಿ.

ಆ ಸುಳ್ಳು ನಿಂತಿದ್ದು ಬರೀ ಒಂಬತ್ತು ದಿನ.

ಮಗ ದಿನಾ ಸಂಜೆ ನನ್ನ ಹೆಗಲೇರಿ ಎರಡು ಕೈಯಲ್ಲೂ ಕುತ್ತಿಗೆ ಬಿಗಿಯಾಗಿ ಹಿಡ್ಕೊಂಡು ಮನೆಯೆಲ್ಲಾ ಸುತ್ತಿಸ್ಕೊಳ್ತಿದ್ದ. ಇದ್ದಕ್ಕಿದ್ದಂಗೆ ಹತ್ರಾನೇ ಬರೋದು ಬಿಟ್ಟ, ಕರೆದ್ರೆ ಬಾಗಿಲ ಹತ್ರ ನಿಂತ್ಕೊಳ್ತಿದ್ದ. ನನಗೆ ಹುಷಾರಿಲ್ಲ ಅಂತ ಹೆದರಿದ್ದಾನೆ ಅಂದ್ಕೊಂಡೆ. ಒಂದು ರಾತ್ರಿ ಅವರಮ್ಮನ ಹತ್ರ ಪಿಸುಗುಟ್ಟಿ ಕೇಳಿದ್ನಂತೆ, "ನಾನು ಅಪ್ಪನ ಕುತ್ತಿಗೆ ಗಟ್ಟಿಯಾಗಿ ಹಿಡ್ಕೊಂಡಿದ್ದಕ್ಕೇನಾ ಗಂಟು ಬಂದಿದ್ದು?" ಅಂತ. ಅಷ್ಟು ದಿನ ಆ ಭಾರಾನ ಆ ಪುಟ್ಟ ಎದೆ ಒಂದೇ ಹೊತ್ಕೊಂಡಿತ್ತು. ನಾನು ಅವನನ್ನ ಕಾಪಾಡ್ತಿದ್ದೀನಿ ಅಂದ್ಕೊಂಡಿದ್ದೆ, ಆದ್ರೆ ಅವನನ್ನ ಅದರ ಜೊತೆ ಒಂಟಿಯಾಗಿ ಬಿಟ್ಟಿದ್ದೆ.

ನಮ್ಮಪ್ಪ ಮಾಡಿದ್ದೂ ಇದನ್ನೇ. ಅವರಿಗೆ ಹಾರ್ಟ್ ಪ್ರಾಬ್ಲಮ್ ಇರೋದು ನನಗೆ ಗೊತ್ತಾಗಿದ್ದು ಬೇರೆಯವರ ಬಾಯಿಂದ, ಆಗ ನನಗೆ 14. ಅವರಿಗೆ ನನ್ನ ಮೇಲೆ ಎಷ್ಟು ಪ್ರೀತಿ ಅಂತ ನನಗೆ ಗೊತ್ತು, ಆದ್ರೂ ನನ್ನನ್ನ ಹೊರಗಡೆ ನಿಲ್ಲಿಸಿದ್ರಲ್ಲ ಅನ್ನೋ ಸಂಕಟ ಇವತ್ತಿಗೂ ಹೋಗಿಲ್ಲ.

ಮಾರನೇ ದಿನ ಇಬ್ಬರನ್ನೂ ಹಾಸಿಗೆ ಮೇಲೆ ಕೂರಿಸ್ಕೊಂಡು ಕ್ಯಾನ್ಸರ್ ಅನ್ನೋ ಪದಾನೇ ಹೇಳಿದೆ. ಮೊದಲು ಚಿಕ್ಕವನಿಗೆ ಮೂರು ಮಾತು ಹೇಳ್ದೆ: ಇದು ನಿನ್ನಿಂದ ಬಂದಿದ್ದಲ್ಲ, ಮುಟ್ಟಿದ್ರೆ ಅಂಟಲ್ಲ, ನಾನು ಆಸ್ಪತ್ರೆಯಲ್ಲಿರೋವಾಗ ನಿನ್ನ ಯಾರು ನೋಡ್ಕೋತಾರೆ ಅನ್ನೋದು ಈಗಾಗ್ಲೇ ಗೊತ್ತುಮಾಡಿದೀವಿ. ಚಿಕ್ಕ ಮಕ್ಕಳು ಕೇಳಲಿ ಬಿಡಲಿ ಅವರೊಳಗೆ ಇರೋದು ಈ ಮೂರೇ ಪ್ರಶ್ನೆ, ಒಂದು ಸಲ ಹೇಳಿದ್ರೆ ಸಾಲಲ್ಲ, ನಾನಂತೂ ಇಪ್ಪತ್ತು ಸಲ ಹೇಳಿರ್ಬೇಕು.

ಮಗಳು ಮಾತ್ರ "ನಂಗೆ ಗೊತ್ತಿತ್ತು ಅಪ್ಪ" ಅಂದ್ಲು. ಅಮ್ಮನ ಫೋನಲ್ಲಿ ಹುಡುಕಿದ್ಲಂತೆ, ಏನೇನೋ ಓದ್ಕೊಂಡು ರಾತ್ರಿ ನಿದ್ದೆ ಮಾಡ್ತಿರ್ಲಿಲ್ಲವಂತೆ. ಆಮೇಲೆ ನೇರವಾಗಿ ಕೇಳಿದ್ಲು, "ನೀನು ಸತ್ತುಹೋಗ್ತೀಯಾ?" ಇಲ್ಲ ಅನ್ನೋ ಮಾತು ನಾಲಿಗೆ ತುದೀಲಿತ್ತು, ತಡ್ಕೊಂಡೆ. ಈ ಕಾಯಿಲೆ ಪೂರ್ತಿ ವಾಸಿಯಾಗೋರು ತುಂಬಾ ಜನ ಇದ್ದಾರೆ, ಡಾಕ್ಟ್ರೂ ಆ ನಂಬಿಕೆಯಿಂದಾನೇ ಔಷಧಿ ಕೊಡ್ತಿದ್ದಾರೆ, ಆದ್ರೆ ಖಂಡಿತ ಅಂತ ಯಾರೂ ಹೇಳೋಕಾಗಲ್ಲ, ಏನಾದ್ರೂ ಬದಲಾದ್ರೆ ನಿನ್ನಿಂದ ಮುಚ್ಚಿಡಲ್ಲ, ಇಷ್ಟು ಹೇಳಿದೆ. ಅವಳು ಅತ್ತಳು, ನಾನೂ ಅತ್ತೆ, ಆಮೇಲೆ ಎದ್ದುಹೋಗಿ ಒಂದು ಶೀಟಲ್ಲಿ 21 ಚೌಕ ಗೀಚ್ಕೊಂಡು ಬಂದ್ಲು.

ಆ ಶೀಟೇ ನಮ್ಮ ಮನೆ ನಡೆಸಿದ್ದು ಅನ್ಬಹುದು. ಮೊದಲ ದಿನ ಡ್ರಿಪ್, ಅವತ್ತು ಒಂದು ಔಷಧಿ ಕೆಂಪಗಿರುತ್ತೆ, ಮೂತ್ರಾನೂ ಕೆಂಪಗೆ ಹೋಗುತ್ತೆ, ಹೆದರ್ಬೇಡಿ ಅಂತ ಮುಂಚೇನೇ ಹೇಳಿಟ್ಟಿದ್ದೆ. 1ರಿಂದ 5 ಸ್ಟೀರಾಯ್ಡ್ ಮಾತ್ರೆ ದಿನ, ನಿದ್ದೆ ಬರಲ್ಲ, ಸಣ್ಣದಕ್ಕೂ ಸಿಟ್ಟು. ಮೊದಲನೇ ಸೈಕಲಲ್ಲಿ ಮೂರನೇ ದಿನ ಏನೂ ಮಾಡದ ಮಗನ ಮೇಲೆ ಕೂಗಾಡಿಬಿಟ್ಟೆ. ಸಮಾಧಾನ ಆದ್ಮೇಲೆ ಅವನ ಹತ್ರ ಹೋಗಿ ತಪ್ಪು ನಂದು ಪುಟ್ಟ ಅಂತ ಕ್ಷಮೆ ಕೇಳ್ದೆ, ಮಾತ್ರೆಯಿಂದ ಸಿಟ್ಟು ಬರುತ್ತೆ ಅನ್ನೋದು ನಿಜ, ಹಾಗಂತ ಕೂಗಿದ್ದು ಸರಿ ಅಂತ ಅವನಿಗೆ ಅನ್ನಿಸ್ಬಾರ್ದಿತ್ತು. 7ರಿಂದ 14 ಬಿಳಿ ರಕ್ತಕಣ ಕಮ್ಮಿಯಾಗೋ ದಿನ, ಆ ಚೌಕಗಳಿಗೆ ಮಗಳು ಹಳದಿ ಬಣ್ಣ ಹಚ್ಚಿದ್ಲು. ಹಳದಿ ದಿನ ಯಾರಿಗಾದ್ರೂ ನೆಗಡಿ ಇದ್ರೆ ರೂಮೊಳಗೆ ಬರಂಗಿಲ್ಲ, ಬಾಗಿಲಾಚೆ ಕೂತೇ ಮಾತು. ಕೂದಲು ಉದುರಿದ್ದನ್ನ ನಾವು ಅಂದ್ಕೊಂಡಷ್ಟು ಅವರು ತಲೆಗೇ ಹಾಕ್ಕೊಳ್ಳಲಿಲ್ಲ.

ಎರಡನೇ ಸೈಕಲಿನ ಹತ್ತನೇ ದಿನ, ರಾತ್ರಿ ಎರಡು ಗಂಟೆ, ಥರ್ಮಾಮೀಟರಲ್ಲಿ 38.4 ಡಿಗ್ರಿ ಸೆಲ್ಸಿಯಸ್, ಅಂದ್ರೆ ಸುಮಾರು 101 ಫ್ಯಾರನ್‌ಹೀಟ್ ಬಂತು. ಕೀಮೋ ನಡೀತಿರೋವಾಗ 38 ಡಿಗ್ರಿ ದಾಟಿದ್ರೆ ಬೆಳಗಾಗಲಿ ಅಂತ ಕಾಯಂಗಿಲ್ಲ, ಮನೇಲಿ ಮಾತ್ರೆ ನುಂಗಿ ಜ್ವರ ಇಳಿಸ್ಕೊಳ್ಳಂಗೂ ಇಲ್ಲ, ಸೀದಾ ಆಸ್ಪತ್ರೆಗೇ ಹೋಗ್ಬೇಕು. ಚಳಿಗೆ ಹಲ್ಲು ಕಟಕಟ ಅಂತಿತ್ತು. ಮಕ್ಕಳು ಮಲಗಿದ್ದಾರೆ, ಸದ್ದಿಲ್ದೆ ಹೋಗಿಬಿಡೋಣ ಅಂದ್ಲು ಹೆಂಡತಿ. ಚಪ್ಪಲಿ ಹಾಕ್ಕೊಂಡೋನು ವಾಪಸ್ ಹೋಗಿ ಮಗಳನ್ನ ಎಬ್ಬಿಸ್ದೆ, ಜ್ವರ ಬಂದಿದೆ, ಆಸ್ಪತ್ರೆಗೆ ಹೋಗ್ತಿದೀನಿ, ಕೆಲವು ದಿನ ಅಲ್ಲೇ ಇರಿಸ್ಕೊಳ್ಬಹುದು ಅಂತ ಹೇಳಿದೆ. ಕಣ್ಣು ಪೂರ್ತಿ ಬಿಟ್ಟಿರ್ಲಿಲ್ಲ, "ಹೇಳ್ದೆ ಹೋಗ್ಲಿಲ್ವಲ್ಲ ಅಪ್ಪ" ಅಂದ್ಲು. ಆ್ಯಂಟಿಬಯಾಟಿಕ್ ಡ್ರಿಪ್ ಮೇಲೆ ಐದು ದಿನ ಇದ್ದೆ, ಆ ಐದು ದಿನ ಅವಳ ಮುಖ ನೋಡಿ ನನಗೆ ಭಯ ಆಗ್ಲಿಲ್ಲ.

ಇನ್ಶೂರೆನ್ಸ್, ಪಾಸ್‌ವರ್ಡು, ಕಾಗದಪತ್ರ ಎಲ್ಲಾ ಒಂದು ಫೈಲಲ್ಲಿ ಹಾಕಿಟ್ಟೆ, ಅದು ಒಂದೇ ದಿನದ ಕೆಲಸ, ಮುಗಿದ್ಮೇಲೆ ಮನಸ್ಸು ಹಗುರ ಆಯ್ತು. ಮಕ್ಕಳು ದೊಡ್ಡವರಾದ್ಮೇಲೆ ಓದೋಕೆ ಪತ್ರ ಬರೆದಿಡೋಣ ಅಂತ ಕೂತಿದ್ದೆ, ಬರೆಯೋಕಾಗ್ಲಿಲ್ಲ. ಆ ಹೊತ್ತಲ್ಲಿ ಮಗಳಿಗೆ ಗಣಿತ ಹೇಳಿಕೊಟ್ಟೆ.

ಕಷ್ಟ ಆಗಿದ್ದು ಕೈಯಿಂದ. ಒಂದು ಔಷಧಿ ನರಕ್ಕೆ ತೊಂದ್ರೆ ಕೊಡುತ್ತೆ, ನಾಲ್ಕನೇ ಸೈಕಲ್ ಹೊತ್ತಿಗೆ ಬೆರಳ ತುದಿ ಮರಗಟ್ಟಿದಂಗಾಯ್ತು. ಮಗನ ಶರ್ಟ್ ಬಟನ್ ಹಾಕೋಕೆ ಹೋದ್ರೆ ಬಟನ್ ಬೆರಳಿಗೆ ಸಿಕ್ಕಿದೆಯೋ ಇಲ್ವೋ ಅನ್ನೋದೇ ತಿಳೀತಿರ್ಲಿಲ್ಲ, ಮೂರು ಸಲ ಜಾರ್ತು. ಅವನು ಸುಮ್ನೆ ನನ್ನ ಕೈ ಪಕ್ಕಕ್ಕೆ ಸರಿಸಿ ತಾನೇ ಹಾಕ್ಕೊಂಡ, ಆಮೇಲೆ ನನ್ನ ಶರ್ಟ್ ಕಡೆ ನೋಡಿ ಕೆಳಗಿಂದ ಒಂದೊಂದೇ ಬಟನ್ ಹಾಕ್ತಾ ಬಂದ, ನಾಲಿಗೆ ಕಚ್ಚಿಕೊಂಡು, ಉಸಿರು ಬಿಗಿ ಹಿಡಿದು. ಮೇಲಿನ ಬಟನ್ ಹತ್ರ ಬಂದಾಗ ನಿಂತುಬಿಟ್ಟ. ಅದು ಕುತ್ತಿಗೆ ಹತ್ರ.

ಈಗ ಐದನೇ ಸೈಕಲ್, ಇವತ್ತು 17ನೇ ಚೌಕ. ನಾಲ್ಕನೇದು ಮುಗಿದ್ಮೇಲೆ ಮಾಡಿದ ಸ್ಕ್ಯಾನಲ್ಲಿ ಗಂಟು ತುಂಬಾ ಕರಗಿದೆ, ಕೊನೆ ಸ್ಕ್ಯಾನ್ ಇನ್ನೂ ಬಾಕಿ. ಬೆಳಿಗ್ಗೆ ನೆಲದ ಮೇಲೆ ಕೂತಿದ್ದೆ, ಮಗ ಹಿಂದಿನಿಂದ ಬಂದು ತಬ್ಕೊಂಡ, ಕುತ್ತಿಗೆ ಬಿಟ್ಟು, ಎದೆ ಸುತ್ತ. ಅವನ ಎರಡೂ ಕೈ ಎತ್ತಿ ನಾನೇ ಕುತ್ತಿಗೆ ಮೇಲೆ ಇಟ್ಕೊಂಡೆ. ಸ್ವಲ್ಪ ಹೊತ್ತು ಹಗೂರಕ್ಕೆ ಇಟ್ಟಿದ್ದ, ಆಮೇಲೆ ಬಿಗಿಯಾಗಿ ಹಿಡ್ಕೊಂಡ.